ಓಣಿಗೆ ಸಡಿಲು, ಹೊಲಕ್ಕೆ ಬಿಗಿ

ಆಳಂದ, ಅಫಜಲಪುರ, ಜೇವರ್ಗಿ – ಈ ಮೂರು ತಾಲ್ಲೂಕು ಕೇಂದ್ರಗಳಿಂದ ಹೊರಬೀಳುವ ದಾರಿಗಳಲ್ಲಿ, ಊರು ಮುಗಿಯಿತು ಅನ್ನುವಷ್ಟರಲ್ಲಿ, ತೊಗರಿ ಹೊಲಗಳ ನಡುವೆ ಬಣ್ಣ ಬಳಿದ ಗಡಿಕಲ್ಲುಗಳು ಕಾಣಿಸುತ್ತವೆ. ಒಂದು ಕಮಾನು, ಅದರ ಮೇಲೊಂದು ದೇವರ ಹೆಸರಿನ ನಗರ, ಒಳಗೆ ಸಾಲು ಪ್ಲಾಟುಗಳು. ಕೊಳ್ಳಲು ಬಂದವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಎನ್.ಎ. ಆಗಿದೆಯೇ? ಖಾತಾ ಆಗುತ್ತದೆಯೇ? ಪಕ್ಕದ ಪ್ಲಾಟಿನಲ್ಲಿ ಏನು ಕಟ್ಟಬಹುದು, ಎಷ್ಟು ಎತ್ತರ ಕಟ್ಟಬಹುದು, ಇಡೀ ಬಡಾವಣೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಹತ್ತು ವರ್ಷಗಳ ನಂತರ ಆ ಪ್ಲಾಟಿನ ಬೆಲೆಯನ್ನೂ ಅಲ್ಲಿನ ಬಾಳನ್ನೂ ತೀರ್ಮಾನಿಸುವುದು ಮಾತ್ರ ಈ ಮೂರನೆಯ ಬಗೆಯ ಪ್ರಶ್ನೆಗಳೇ. ವಸತಿ ವಲಯದ ನಿಯಮ, ದಟ್ಟಣೆಯ ನಿಯಮ ಎಂದು ಸರ್ಕಾರಿ ಕಡತಗಳಲ್ಲಿ ಕರೆಯುವುದು ಇವುಗಳ ಉತ್ತರವನ್ನು. ನಮ್ಮ ಸಣ್ಣ ಊರುಗಳಲ್ಲಿ ಈ ನಿಯಮಗಳು ತಲೆಕೆಳಗಾಗಿ ನಡೆಯುತ್ತಿವೆ ಎಂಬುದು ಇಲ್ಲಿನ ವಾದ. ಸಡಿಲಾಗಿರಬೇಕಾದ ಹಳೆಯ ಓಣಿಯಲ್ಲಿ ಅವು ಬಿಗಿಯಾಗಿವೆ. ಬಿಗಿಯಾಗಿರಬೇಕಾದ ಊರ ಹೊರಗಿನ ಎರೆಹೊಲದಲ್ಲಿ ಇದ್ದೂ ಇಲ್ಲದಂತಿವೆ. ಇದರಿಂದ ಮೊದಲು ನಷ್ಟವಾಗುವುದು ಆಸ್ತಿಯ ಮಾಲೀಕನಿಗೆ.

ನಿಯಮಗಳ ಮೂಲ ಸರಳವಾಗಿದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಒಂದು ಪ್ರದೇಶಕ್ಕೆ ಮಹಾಯೋಜನೆ ತಯಾರಾದರೆ, ನಕ್ಷೆಯಲ್ಲಿ ವಸತಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು ಎಂದು ಬಣ್ಣ ಬೀಳುತ್ತದೆ. ಯಾವ ಬಣ್ಣದಲ್ಲಿ ಏನು ನಡೆಯಬಹುದು ಎಂಬುದು ವಲಯದ ನಿಯಮ. ಎಷ್ಟು ಕಟ್ಟಬಹುದು ಎಂಬುದು ದಟ್ಟಣೆಯ ನಿಯಮ: ಪ್ಲಾಟಿನ ಎಷ್ಟು ಪಾಲು ಮುಚ್ಚಬಹುದು, ಸುತ್ತ ಎಷ್ಟು ಜಾಗ ಬಿಡಬೇಕು, ಎಲ್ಲ ಮಹಡಿಗಳೂ ಸೇರಿ ಒಟ್ಟು ಎಷ್ಟು ಚದರಡಿ ಏರಬಹುದು. ಈ ಕೊನೆಯ ಲೆಕ್ಕಕ್ಕೆ ಎಫ್‌ಎಆರ್ ಎನ್ನುತ್ತಾರೆ. ಅದು 1.75 ಎಂದಿದ್ದರೆ 30×40ರ ಪ್ಲಾಟಿನಲ್ಲಿ, ಅಂದರೆ 1,200 ಚದರಡಿಯಲ್ಲಿ, ಒಟ್ಟು 2,100 ಚದರಡಿ ಕಟ್ಟಬಹುದು. ಇದೆಲ್ಲ ಬೆಂಗಳೂರಿನವರ ಉಸಾಬರಿ ಎಂಬ ಭಾವನೆ ನಮ್ಮ ಕಡೆ ಇದೆ. ಆದರೆ ಊರು ಯೋಜಿಸಬೇಕೆಂಬ ತಿಳಿವಳಿಕೆ ಈ ಭಾಗಕ್ಕೆ ಬೆಂಗಳೂರಿನಿಂದ ಬಂದದ್ದೇನಲ್ಲ. ಕಲಬುರಗಿ ಸೀಮೆ ನಿಜಾಮರ ರಾಜ್ಯದಲ್ಲಿದ್ದ ಕಾಲಕ್ಕೆ, 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ನಗರದಲ್ಲಿ ಸಾವಿರಾರು ಜನ ಸತ್ತರು. ಪರಿಹಾರ ಸೂಚಿಸಲು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಿದರು; 1912ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ಹೊಳೆಯ ದಂಡೆಯಲ್ಲಿ ಯಾರು ಎಲ್ಲಿ ಕಟ್ಟಬೇಕು ಎಂಬುದು ಕಟ್ಟುವವನೊಬ್ಬನ ಖಾಸಗಿ ವಿಚಾರವಾಗಿ ಉಳಿಯಲಾರದು ಎಂಬ ಪಾಠವನ್ನು ಈ ಸೀಮೆ ಆಗಲೇ ದುಬಾರಿ ಬೆಲೆ ತೆತ್ತು ಕಲಿತಿತ್ತು.

ಇಂದಿನ ಗೊಂದಲದ ದೊಡ್ಡ ಪಾಲು ಮೂರು ಕಾಗದಗಳನ್ನು ಒಂದೇ ಎಂದುಕೊಳ್ಳುವುದರಿಂದ ಹುಟ್ಟಿದೆ. ಎನ್.ಎ. ಎಂದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿ ಭೂಮಿಯನ್ನು ಕೃಷಿಯೇತರ ಬಳಕೆಗೆ ಬದಲಿಸಲು ಸಿಕ್ಕ ಅನುಮತಿ. ಅದನ್ನು ಕೊಡುವುದು ಕಂದಾಯ ಇಲಾಖೆ. ಆ ಜಮೀನನ್ನು ತುಂಡು ಮಾಡಿ ಪ್ಲಾಟು ಹಾಕಲು ಬೇಕಾದ್ದು ಲೇಔಟ್ ಮಂಜೂರಾತಿ. ಅದು ಯೋಜನಾ ಕಾಯ್ದೆಯ 17ನೇ ಕಲಮಿನ ಮಾತು. ರಸ್ತೆ, ಗಟಾರ, ಉದ್ಯಾನ, ಶಾಲೆಯಂಥ ಸೌಲಭ್ಯಕ್ಕೆ ಜಾಗ ಬಿಟ್ಟಿದ್ದಾರೆಯೇ ಎಂದು ನೋಡುವುದು ಈ ಹಂತದಲ್ಲಿ ಮಾತ್ರ. ಖಾತಾ ಎಂಬುದು ಪುರಸಭೆಯ ಕರದ ಪುಸ್ತಕದಲ್ಲಿ ಹೆಸರು ಏರಿದ್ದಕ್ಕೆ ಪುರಾವೆ, ಅಷ್ಟೆ. ಮೊದಲನೆಯದು ಮತ್ತು ಮೂರನೆಯದು ಇದ್ದು ನಡುವಿನದು ಇಲ್ಲದ ಪ್ಲಾಟುಗಳು ಹೇರಳವಾಗಿವೆ. ಅದಕ್ಕೆ ಕಾರಣ ಸರಳ ಗಣಿತ. ಒಂದು ಎಕರೆಗೆ 43,560 ಚದರಡಿ. ರಸ್ತೆ, ಉದ್ಯಾನ, ಸೌಲಭ್ಯಗಳಿಗೆಂದು ಶೇ. 45ರಷ್ಟು ಬಿಟ್ಟರೆ 30×40ರ ಇಪ್ಪತ್ತು ಪ್ಲಾಟು ಸಿಗುತ್ತವೆ. ಇಕ್ಕಟ್ಟಿನ ರಸ್ತೆಗೆ ಮಾತ್ರ ಶೇ. 25 ಬಿಟ್ಟರೆ ಇಪ್ಪತ್ತೇಳು. ಆ ಏಳು ಪ್ಲಾಟುಗಳ ಹಣ ಮಾರಿದವನ ಜೇಬಿಗೆ. ಅವುಗಳಿಂದಾಗಿ ಇಲ್ಲವಾದ ಉದ್ಯಾನ, ಗಟಾರ, ಶಾಲೆಯ ಜಾಗದ ಹೊರೆ ಕೊಂಡ ಇಪ್ಪತ್ತೇಳೂ ಮಂದಿಯ ತಲೆಗೆ. ಐದುನೂರು ಚದರ ಮೀಟರಿಗಿಂತ ಹೆಚ್ಚಿನ ಜಾಗದಲ್ಲಿ ಪ್ಲಾಟು ಹಾಕಿ ಮಾರುವವರು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮ 2017ರಿಂದ ಇದೆ. ಅದನ್ನು ಕೇಳುವ ರೂಢಿ ತಾಲ್ಲೂಕು ಕೇಂದ್ರಗಳಿಗೆ ಇನ್ನೂ ಸರಿಯಾಗಿ ಇಳಿದಿಲ್ಲ.

ಊರ ಹೊರಗಿನ ಪ್ಲಾಟಿಗೆ ನಿಯಮ ಏಕೆ ಬಿಗಿಯಾಗಿರಬೇಕು ಎಂಬುದಕ್ಕೆ ಅಂಗಳದಲ್ಲೇ ಅಳೆದು ನೋಡಬಹುದಾದ ಒಂದು ಪುರಾವೆ ಇದೆ. ಹೊಸ ಬಡಾವಣೆಗೆ ಒಳಚರಂಡಿ ಇರುವುದಿಲ್ಲ, ಪುರಸಭೆಯ ನಳವೂ ಬಂದಿರುವುದಿಲ್ಲ. ಮನೆ ಕಟ್ಟಿದವರು ಒಂದು ಮೂಲೆಯಲ್ಲಿ ಬೋರ್‌ವೆಲ್ ಕೊರೆಸುತ್ತಾರೆ, ಇನ್ನೊಂದು ಮೂಲೆಯಲ್ಲಿ ಶೌಚದ ಗುಂಡಿ ಮತ್ತು ಇಂಗುಗುಂಡಿ ತೋಡಿಸುತ್ತಾರೆ. ಭಾರತೀಯ ಮಾನಕ ಸಂಸ್ಥೆಯ ಐಎಸ್ 2470ರ ಪ್ರಕಾರ ಇಂಗುಗುಂಡಿ ಮತ್ತು ಕುಡಿಯುವ ನೀರಿನ ಮೂಲದ ನಡುವೆ ಕನಿಷ್ಠ 18 ಮೀಟರ್, ಅಂದರೆ 59 ಅಡಿ ಅಂತರ ಬೇಕು. ಈಗ 30×40ರ ಪ್ಲಾಟಿನ ಒಂದು ಮೂಲೆಯಿಂದ ಎದುರು ಮೂಲೆಗೆ ಹಗ್ಗ ಹಿಡಿಯಿರಿ: ಸರಿಯಾಗಿ 50 ಅಡಿ. 30×50ರ ಪ್ಲಾಟಿನಲ್ಲಿ ಹಿಡಿದರೂ 58 ಅಡಿ ದಾಟಿ 59ಕ್ಕೆ ಮುಟ್ಟುವುದಿಲ್ಲ. ತನ್ನ ಗುಂಡಿಯಿಂದ ತನ್ನ ಬೋರ್‌ವೆಲ್ಲನ್ನೇ ಕಾಪಾಡಿಕೊಳ್ಳಲಾಗದ ಮಾಲೀಕ ಅಕ್ಕಪಕ್ಕದ ಮತ್ತು ಹಿಂಬದಿಯ ಮನೆಗಳ ಗುಂಡಿಗಳಿಂದ ಕಾಪಾಡಿಕೊಳ್ಳುವ ಮಾತು ದೂರವೇ ಉಳಿಯಿತು. ಮೇಲಾಗಿ ನಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಆ ಬಿರುಕುಗಳಲ್ಲಿ ನೀರು ಎತ್ತ ಬೇಕಾದರೂ ಹರಿಯುತ್ತದೆ. ಮಳೆಗಾಲದಲ್ಲಿ ಉಬ್ಬಿ ಮುಚ್ಚಿಕೊಂಡು ಒಂದು ಕೊಡ ನೀರನ್ನೂ ಇಂಗಿಸಿಕೊಳ್ಳುವುದಿಲ್ಲ. ಗುಂಡಿ ಉಕ್ಕಿ ರಸ್ತೆಗೆ ಬರುವುದು ಆಗಲೇ. ಅದೇ ಉಬ್ಬುವ ಮಣ್ಣು ಬುನಾದಿಯನ್ನೂ ಅಲುಗಿಸುವುದರಿಂದ, ಗೋಡೆಯ ಮಗ್ಗುಲಲ್ಲೇ ಗುಂಡಿಯ ನೀರು ನಿಂತರೆ ಮೊದಲು ಬಿರುಕು ಬಿಡುವುದು ಆ ಗೋಡೆಯೇ. ಒಳಚರಂಡಿ ಅಥವಾ ಕೊಳವೆ ನೀರು, ಎರಡರಲ್ಲಿ ಒಂದಾದರೂ ಬರುವವರೆಗೆ ಸಣ್ಣ ಪ್ಲಾಟುಗಳ ಬಡಾವಣೆಗೆ ಮಂಜೂರಾತಿ ಇಲ್ಲ ಎನ್ನುವ ನಿಯಮ ಮಾಲೀಕನ ವಿರುದ್ಧ ಹೇಗಾದೀತು?

ಇನ್ನು ಇಡೀ ಊರಿನ ಲೆಕ್ಕ. 2011ರ ಜನಗಣತಿಯಲ್ಲಿ ಆಳಂದ ಪಟ್ಟಣದ ಜನಸಂಖ್ಯೆ 42 ಸಾವಿರ ದಾಟಿತ್ತು. ಅಫಜಲಪುರದಲ್ಲಿ 27 ಸಾವಿರದಷ್ಟು, ಜೇವರ್ಗಿಯಲ್ಲಿ 25 ಸಾವಿರದ ಆಸುಪಾಸು. ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ 2014ರ ಯೋಜನಾ ಮಾರ್ಗಸೂಚಿ ಬಯಲುಸೀಮೆಯ ಸಣ್ಣ ಪಟ್ಟಣಗಳಿಗೆ ಹೆಕ್ಟೇರಿಗೆ 75ರಿಂದ 125 ಜನರ ದಟ್ಟಣೆಯನ್ನು ಸೂಚಿಸುತ್ತದೆ. ಹೆಕ್ಟೇರಿಗೆ ನೂರು ಜನ ಎಂದಿಟ್ಟುಕೊಂಡರೆ 42 ಸಾವಿರ ಜನಕ್ಕೆ 420 ಹೆಕ್ಟೇರ್, ಸುಮಾರು 1,040 ಎಕರೆ ಸಾಕು. ಅದೇ ಜನ ಹೆಕ್ಟೇರಿಗೆ ಐವತ್ತರಂತೆ ಚದುರಿದರೆ ಎರಡು ಸಾವಿರಕ್ಕೂ ಹೆಚ್ಚು ಎಕರೆ ಬೇಕು. ಹೆಚ್ಚಾಗುವುದು ಜಮೀನು ಮಾತ್ರವೇ? ಮೂವತ್ತು ಅಡಿ ಮುಖದ ಪ್ಲಾಟುಗಳು ರಸ್ತೆಯ ಎರಡೂ ಬದಿ ತುಂಬಿದ್ದರೆ ಒಂದು ಮನೆಯ ಪಾಲಿಗೆ ಬೀಳುವುದು ಹದಿನೈದು ಅಡಿ ರಸ್ತೆ, ಹದಿನೈದು ಅಡಿ ಕೊಳವೆ. ನಾಲ್ಕು ಪ್ಲಾಟಿನಲ್ಲಿ ಒಂದು ಮನೆ ಎದ್ದು ಮೂರು ಖಾಲಿ ಬಿದ್ದಿದ್ದರೆ ಅದೇ ಮನೆಗೆ ಅರವತ್ತು ಅಡಿ. ವಿದ್ಯುತ್ ಕಂಬ, ಕಸದ ಗಾಡಿ, ಶಾಲೆಗೆ ಮಕ್ಕಳ ನಡಿಗೆ, ಎಲ್ಲದರ ಲೆಕ್ಕವೂ ಹೀಗೆಯೇ. ಹೂಡಿಕೆಗೆಂದು ಕೊಂಡು ಬಿಟ್ಟ ಪ್ಲಾಟುಗಳಲ್ಲಿ ಜಾಲಿ ಬೆಳೆದಿರುವಾಗ ಪುರಸಭೆಯ ಮೇಲೆ ಇಷ್ಟು ಉದ್ದದ ರಸ್ತೆ, ಗಟಾರಗಳ ಹೊರೆ ಬಿದ್ದರೆ, ಅಲ್ಲಿ ನಿಜವಾಗಿ ವಾಸವಿರುವವರಿಗೆ ಸಿಗುವುದು ಅರೆಬರೆ ಕೆಲಸವೇ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಬಂದೀತು, ರಸ್ತೆ ಆದೀತು ಎಂಬ ಆಸೆಯ ಮೇಲೆ ಪ್ಲಾಟು ಕೊಳ್ಳುವುದುಂಟು. ಆದರೆ ಹಾಕಿದ ರಸ್ತೆಯನ್ನು ಪ್ರತಿವರ್ಷ ನೋಡಿಕೊಳ್ಳಬೇಕಾದ್ದು ಪುರಸಭೆಯ ಸ್ವಂತ ಕರದಿಂದ.

ಈಗ ಓಣಿಯ ಕಡೆ ನೋಡೋಣ. ಅಲ್ಲಿ ರಸ್ತೆ ಇದೆ, ನಳ ಇದೆ, ಬಸ್ ನಿಲ್ದಾಣ, ಪೇಟೆ, ದವಾಖಾನೆ ಎಲ್ಲವೂ ನಡಿಗೆಯ ದೂರದಲ್ಲಿವೆ. ಇನ್ನಷ್ಟು ಜನ ನೆಲೆಸಬೇಕಾದ್ದು ಅಲ್ಲಿಯೇ. ಆದರೆ ಕಟ್ಟಡ ಪರವಾನಗಿಯ ನಿಯಮ ಅದನ್ನೇ ಕಷ್ಟ ಮಾಡುತ್ತದೆ. ಹಳೆಯ ಮನೆಗಳು ಅಣ್ಣತಮ್ಮಂದಿರಲ್ಲಿ ಪಾಲಾಗಿ ಹದಿನೈದು ಅಡಿ ಅಗಲ, ಐವತ್ತು ಅಡಿ ಉದ್ದದ ಪಟ್ಟಿಗಳಾಗಿವೆ. ಎರಡೂ ಬದಿಗೆ ಒಂದೊಂದು ಮೀಟರ್ ಸೆಟ್‌ಬ್ಯಾಕ್ ಬಿಡಿ ಎಂದರೆ ಉಳಿಯುವುದು ಎಂಟೂವರೆ ಅಡಿ. ಗೋಡೆಯ ದಪ್ಪ ಕಳೆದರೆ ಒಂದು ಮಂಚ ಹಾಕಿ ಓಡಾಡುವಷ್ಟು. ಹಾಗಾಗಿ ಯಾರೂ ಬಿಡುವುದಿಲ್ಲ, ಯಾರಿಗೂ ಸರಿಯಾದ ಪರವಾನಗಿ ಸಿಗುವುದಿಲ್ಲ, ಮಾಲೀಕರೆಲ್ಲ ತಪ್ಪಿತಸ್ಥರಾಗಿಯೇ ಬದುಕುತ್ತಾರೆ. ಸೆಟ್‌ಬ್ಯಾಕಿನ ಉದ್ದೇಶ ಗಾಳಿ, ಬೆಳಕು, ಬೆಂಕಿಯಿಂದ ರಕ್ಷಣೆ. ಈ ಸೀಮೆಯ ಹಳೆಯ ಮಾಳಿಗೆ ಮನೆಗಳು ಗಾಳಿ ಬೆಳಕನ್ನು ಬೇರೆ ದಾರಿಯಲ್ಲಿ ಪಡೆದವು: ಅಕ್ಕಪಕ್ಕದ ಮನೆಗೆ ಗೋಡೆ ಹಚ್ಚಿ, ಒಳಗೆ ಅಂಗಳ ಬಿಟ್ಟು, ಮಾಳಿಗೆಯಲ್ಲಿ ಬೆಳಕಿಂಡಿ ಇಟ್ಟು. ಬೇಸಿಗೆಯ ಉರಿ 42 ಡಿಗ್ರಿ ದಾಟುವ ಊರಿನಲ್ಲಿ ನಾಲ್ಕೂ ಗೋಡೆ ಬಿಸಿಲಿಗೆ ಒಡ್ಡಿ ಕೂತ ಮನೆಗಿಂತ ಎರಡು ಗೋಡೆ ನೆರೆಮನೆಯ ನೆರಳಲ್ಲಿರುವ ಮನೆ ತಂಪು. ಹೊಸ ಬಡಾವಣೆಯ ವಿಲಾಸಿ ಮನೆಯ ಪಡಿಯಚ್ಚನ್ನು ಓಣಿಯ ಮೇಲೆ ಒತ್ತುವ ನಿಯಮಕ್ಕೆ ಈ ವಿವೇಕ ಕಾಣುವುದಿಲ್ಲ. ಬದಿಯ ಸೆಟ್‌ಬ್ಯಾಕ್ ಬಿಟ್ಟುಕೊಟ್ಟು, ಬದಲಿಗೆ ಪ್ಲಾಟಿನ ಒಳಗೆ ಇಂತಿಷ್ಟು ತೆರೆದ ಅಂಗಳ ಕಡ್ಡಾಯ ಮಾಡಿ, ಎತ್ತರವನ್ನು ಓಣಿಯ ಅಗಲಕ್ಕೆ ತಕ್ಕಂತೆ ಕಟ್ಟಿಹಾಕಿದರೆ ಉದ್ದೇಶವೂ ಈಡೇರುತ್ತದೆ, ಮನೆಯೂ ಕಾನೂನಿನೊಳಗೆ ಬರುತ್ತದೆ. ಮುಂದಿನ ಕೋಣೆಯಲ್ಲಿ ಕಿರಾಣಿ ಅಂಗಡಿ, ಹೊಲಿಗೆ ಯಂತ್ರ, ಹಿಟ್ಟಿನ ಗಿರಣಿ ಇಡುವುದೂ ಹೀಗೆಯೇ ಕಾನೂನಿನೊಳಗೆ ಬರಬೇಕು. ದೆಹಲಿಯಲ್ಲಿ 2006ರಲ್ಲಿ ವಸತಿ ಬೀದಿಗಳ ಅಂಗಡಿಗಳಿಗೆ ಬೀಗಮುದ್ರೆ ಹಾಕಿ ದೊಡ್ಡ ರಂಪವಾದ ಮೇಲೆ, ಮರುವರ್ಷದ ಮಹಾಯೋಜನೆ ಆಯ್ದ ಬೀದಿಗಳಲ್ಲಿ ಮಿಶ್ರ ಬಳಕೆಯನ್ನು ಒಪ್ಪಬೇಕಾಯಿತು. ಕಿರಾಣಿ ಅಂಗಡಿಗೂ ರಾತ್ರಿಯಿಡೀ ಸದ್ದು ಮಾಡುವ ದಾಲ್ ಮಿಲ್ಲಿಗೂ ಇರುವ ಅಂತರ ತಿಳಿದ ನಿಯಮ ನಮಗೆ ಬೇಕು.

ದಟ್ಟಣೆ ಹೆಚ್ಚಿದರೆ ರೋಗ ಹೆಚ್ಚುತ್ತದೆ, ನೀರು ಸಾಲದು ಎಂಬ ಆಕ್ಷೇಪ ಹಳೆಯದು, ಸುಳ್ಳೂ ಅಲ್ಲ. 1896ರ ಪ್ಲೇಗಿನ ಭಯದಲ್ಲೇ ಮುಂಬಯಿಯಲ್ಲಿ ಸುಧಾರಣಾ ಟ್ರಸ್ಟ್ ಹುಟ್ಟಿ ಇಕ್ಕಟ್ಟಿನ ಚಾಳುಗಳನ್ನು ಕೆಡವಿತು. ಆದರೆ ರೋಗ ತರುವುದು ಒಂದೇ ಕೋಣೆಯಲ್ಲಿ ಎಂಟು ಜನ ಮಲಗುವುದು ಮತ್ತು ಗಟಾರದ ನೀರು ನಿಲ್ಲುವುದು. ಎರಡು ಮಹಡಿಯ ಮನೆಗಳು ಒತ್ತೊತ್ತಾಗಿ ನಿಲ್ಲುವುದು ಬೇರೆ ಮಾತು. ಮೇಲೊಂದು ಮಹಡಿಗೆ ಅವಕಾಶ ಕೊಟ್ಟರೆ ಅದೇ ಎಂಟು ಜನ ಮೂರು ಕೋಣೆಗೆ ಹಂಚಿಹೋಗುತ್ತಾರೆ. ನೀರಿನ ಕೊರತೆಯೂ ಹಾಗೆಯೇ: ಜನ ಊರೊಳಗಿದ್ದರೂ ಹೊರಗಿದ್ದರೂ ಕುಡಿಯುವ ನೀರು ಅಷ್ಟೇ, ಕೊಳವೆಯ ಉದ್ದ ಮತ್ತು ಸೋರಿಕೆ ಮಾತ್ರ ಹೊರಗೆ ಹೆಚ್ಚು.

ನನ್ನ ಜಾಗ, ನನ್ನ ದುಡ್ಡು, ಕೇಳಲು ಇವರ್ಯಾರು ಎಂಬ ಪ್ರಶ್ನೆ ಇನ್ನೂ ಗಟ್ಟಿ. ಆಸ್ತಿಯ ಹಕ್ಕು 1978ರ 44ನೇ ತಿದ್ದುಪಡಿಯ ನಂತರ ಮೂಲಭೂತ ಹಕ್ಕಾಗಿ ಉಳಿಯದಿದ್ದರೂ ಸಂವಿಧಾನದ 300ಎ ವಿಧಿಯಲ್ಲಿ ಇದೆ. ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ. ಆದರೆ ಪ್ಲಾಟಿನ ಬೆಲೆ ಹುಟ್ಟುವುದು ಅದರ ಮಣ್ಣಿನಿಂದಲ್ಲವಲ್ಲ. ಅದೇ ಎರೆಮಣ್ಣು ಊರಿನಿಂದ ಹತ್ತು ಕಿಲೋಮೀಟರ್ ಆಚೆ ಎಕರೆ ಲೆಕ್ಕದಲ್ಲಿ ಮಾರಾಟವಾಗುತ್ತದೆ, ಇಲ್ಲಿ ಅಡಿ ಲೆಕ್ಕದಲ್ಲಿ. ನಡುವಿನ ವ್ಯತ್ಯಾಸವನ್ನು ತಂದದ್ದು ರಸ್ತೆ, ಪೇಟೆ, ನೆರೆಹೊರೆ. ಆ ಬೆಲೆಯನ್ನು ಒಪ್ಪಿ, ಅದನ್ನು ಕಾಯುವ ನಿಯಮವನ್ನು ಒಪ್ಪುವುದಿಲ್ಲ ಎನ್ನುವುದು ಇಬ್ಬಗೆಯ ಮಾತು. ಮನೆಯ ದಕ್ಷಿಣಕ್ಕೆ ನಾಲ್ಕು ಮಹಡಿ ಎದ್ದು ಗಾಳಿ ನಿಂತಾಗ, ಪಕ್ಕದ ಪ್ಲಾಟಿನಲ್ಲಿ ಕಬ್ಬಿಣ ಕತ್ತರಿಸುವ ಯಂತ್ರ ಕೂತಾಗ, ಅದೇ ಮಾಲೀಕ ಪುರಸಭೆಯ ಮುಖ್ಯಾಧಿಕಾರಿಗೆ ಅರ್ಜಿ ಬರೆಯುತ್ತಾನೆ. ಆಗ ಅವನ ಕೈಗೆ ಬೇಕಾಗುವುದು ನಿಯಮವೇ.

ರೈತನ ಮಾತು ಇದಕ್ಕಿಂತ ಭಾರವಾದದ್ದು. ತೊಗರಿಯ ಧಾರಣೆ ಒಂದು ವರ್ಷ ಏರಿ ಮರುವರ್ಷ ಕುಸಿಯುವ ಸೀಮೆಯಲ್ಲಿ, ಊರ ಮಗ್ಗುಲಿನ ನಾಲ್ಕು ಎಕರೆ ಇರುವವನಿಗೆ ಪ್ಲಾಟು ಹಾಕುವುದೊಂದೇ ಆಸರೆ ಎನ್ನಿಸಿದರೆ ತಪ್ಪೇನು? ಅಲ್ಲಿ ಬಿಗಿ ಮಾಡಿದರೆ ಅವನ ಹೊಟ್ಟೆಯ ಮೇಲೆ ಹೊಡೆದಂತಾಗದೇ? ಬರಿ ನಿಷೇಧವೇ ಉತ್ತರವಾದರೆ ಹೌದು. ಈಗ ನಡೆಯುತ್ತಿರುವುದನ್ನೂ ನೋಡಬೇಕು: ಬಾಂಡ್ ಪೇಪರಿನ ಮೇಲೆ ಎಕರೆಗೆ ಇಷ್ಟು ಎಂದು ಬರೆಸಿಕೊಂಡ ದಲ್ಲಾಳಿ, ಅದನ್ನು ಅಡಿಗಳಾಗಿ ಮಾರಿ ನಡುವಿನ ಲಾಭ ತಾನು ಉಣ್ಣುತ್ತಾನೆ. 1961ರ ಕಾಯ್ದೆಯಲ್ಲೇ ನಗರ ಯೋಜನಾ ಸ್ಕೀಮ್ ಎಂಬ ದಾರಿ ಇದೆ. ಹಲವು ರೈತರ ಜಮೀನು ಒಟ್ಟುಗೂಡಿಸಿ, ರಸ್ತೆ, ಉದ್ಯಾನಕ್ಕೆ ಬೇಕಾದಷ್ಟು ತೆಗೆದು, ಉಳಿದದ್ದನ್ನು ಅವರವರ ಪಾಲಿಗೆ ತಕ್ಕಂತೆ ನಿವೇಶನಗಳಾಗಿ ಹಿಂದಿರುಗಿಸುವ ಪದ್ಧತಿ. ಗುಜರಾತಿನ ಊರುಗಳು ದಶಕಗಳಿಂದ ಹೀಗೆ ಬೆಳೆದಿವೆ. ನಮ್ಮಲ್ಲಿ ಮಾತ್ರ ಅದು ಪುಸ್ತಕದ ಬದನೆಕಾಯಿ. ಒಂದು ಪುರಸಭೆಯಾದರೂ ನೂರು ಎಕರೆಯಲ್ಲಿ ಇದನ್ನು ಮಾಡಿ ತೋರಿಸಿದರೆ ಜಮೀನು ಕೊಟ್ಟ ರೈತ ಬೆಳೆದ ಬೆಲೆಯಲ್ಲಿ ಪಾಲುದಾರನಾಗುತ್ತಾನೆ.

ಕೊನೆಗೆ ಒಂದು ಚತುರ ಆಕ್ಷೇಪ ಬರುತ್ತದೆ: ಇಂದು ನಿಯಮ ಮುರಿದರೂ ನಾಳೆ ಸರ್ಕಾರವೇ ಸಕ್ರಮ ಮಾಡುತ್ತದೆ, ಹಾಗಿರುವಾಗ ಪಾಲಿಸುವವನು ದಡ್ಡ. ಈ ಲೆಕ್ಕಕ್ಕೆ ಆಧಾರವಿದೆ. ಆಳಂದ, ಅಫಜಲಪುರಕ್ಕೆ ಹತ್ತಿದ ಗಡಿಯಾಚೆ, ಮಹಾರಾಷ್ಟ್ರದಲ್ಲಿ, 2001ರ ಗುಂಠೇವಾರಿ ಕಾಯ್ದೆ ಆ ವರ್ಷದ ಆರಂಭಕ್ಕೆ ಮುಂಚಿನ ಗುಂಟೆ ಪ್ಲಾಟುಗಳನ್ನು ಮಾತ್ರ ಸಕ್ರಮ ಮಾಡುವೆನೆಂದಿತ್ತು. 2021ರಲ್ಲಿ ಆ ಗಡುವನ್ನು 2020ರ ಕೊನೆಗೆ ಸರಿಸಿದರು. ಆದರೆ ಇನ್ನೊಂದು ಮಗ್ಗುಲೂ ಇದೆ. ಕರ್ನಾಟಕದ ಅಕ್ರಮ-ಸಕ್ರಮವನ್ನು ಹೈಕೋರ್ಟ್ 2016ರ ಡಿಸೆಂಬರಿನಲ್ಲಿ ಎತ್ತಿಹಿಡಿದರೂ ಮರುತಿಂಗಳೇ ಸುಪ್ರೀಂ ಕೋರ್ಟ್ ತಡೆ ನೀಡಿತು. 2024ರ ಡಿಸೆಂಬರ್ 17ರಂದು, ಮೀರತ್ತಿನಲ್ಲಿ ವಸತಿ ನಿವೇಶನದ ಮೇಲೆ ಎದ್ದ ಅಂಗಡಿ ಸಂಕೀರ್ಣದ ಪ್ರಕರಣದಲ್ಲಿ, ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು, ಬ್ಯಾಂಕುಗಳು ಅದನ್ನು ನೋಡದೆ ಸಾಲ ಕೊಡಬಾರದು ಎಂದು ಅದೇ ನ್ಯಾಯಾಲಯ ಆದೇಶಿಸಿತು. ಮುಂದಿನ ವರ್ಷ ರಾಜ್ಯದ ಊರೂರಲ್ಲಿ ಹೊಸ ಮನೆಗಳಿಗೆ ಮೀಟರು ಸಿಗದೆ ಜನ ಪರದಾಡಿದರು. ಸಣ್ಣ ಮನೆಗಳಿಗೆ ವಿನಾಯಿತಿಯ ದಾರಿಯನ್ನು ಸರ್ಕಾರ ಹುಡುಕಬೇಕಾಯಿತು. 2025ರ ಫೆಬ್ರವರಿಯಲ್ಲಿ ಘೋಷಿಸಿದ ಬಿ-ಖಾತಾ ಅಭಿಯಾನದಿಂದ ಅನಧಿಕೃತ ಪ್ಲಾಟುಗಳೂ ಕರದ ಪುಸ್ತಕಕ್ಕೆ ಏರಿದವು ನಿಜ. ಆದರೆ ಬಿ-ಖಾತಾ ಬಂದ ಮಾತ್ರಕ್ಕೆ ಇಲ್ಲದ ಮೂವತ್ತು ಅಡಿ ರಸ್ತೆ ಹುಟ್ಟುವುದಿಲ್ಲ, 50 ಅಡಿಯ ಕರ್ಣ 59 ಆಗುವುದಿಲ್ಲ.

ನಿಯಮ ಹೆಚ್ಚಿದಷ್ಟೂ ಲಂಚದ ಬಾಗಿಲು ಹೆಚ್ಚುತ್ತದೆ ಎಂಬ ದೂರು ಉಳಿಯುತ್ತದೆ. ಅದು ಸರಿಯಾದ ದೂರು, ಮತ್ತು ನಿಯಮಗಳನ್ನು ಕಡಿಮೆ ಮಾಡಲು ಒಳ್ಳೆಯ ಕಾರಣ. ಓಣಿಯ ಮನೆಗೆ ಅಂಗಳ ಮತ್ತು ಎತ್ತರ ಎರಡನ್ನು ಮಾತ್ರ ನೋಡಿದರೆ ಟೇಪು ಹಿಡಿದು ಯಾರು ಬೇಕಾದರೂ ಪರೀಕ್ಷಿಸಬಹುದು. ಊರ ಹೊರಗೆ ಕೆಲವೇ ಗೆರೆಗಳು ಸಾಕು, ಆದರೆ ಅವು ಅಳಿಸಲಾಗದಂತಿರಬೇಕು. ಹಳ್ಳ, ನಾಲಾಗಳ ಹರವು ಒಂದು. ಜೇವರ್ಗಿಯಲ್ಲಿ ಕೂಡುವ 50 ಮತ್ತು 150ಎ ರಾಷ್ಟ್ರೀಯ ಹೆದ್ದಾರಿಗಳ ಬದಿ, ರಸ್ತೆಯ ನಡುಗೆರೆಯಿಂದ 40 ಮೀಟರ್ ಕಟ್ಟಡವಿಲ್ಲದ ಪಟ್ಟಿ ಇನ್ನೊಂದು. ಭೀಮೆಯ ನೆರೆಯ ಗೆರೆ ಮತ್ತೊಂದು. ಉಜನಿ ಜಲಾಶಯದಿಂದ ಬಿಟ್ಟ ನೀರು ಸೊನ್ನ ಬ್ಯಾರೇಜ್ ದಾಟಿ 2020ರ ಅಕ್ಟೋಬರಿನಲ್ಲಿ ಅಫಜಲಪುರ, ಜೇವರ್ಗಿ ತಾಲ್ಲೂಕಿನ ದಂಡೆಯ ಹಳ್ಳಿಗಳಿಗೆ ನುಗ್ಗಿದಾಗ ನೀರು ಎಲ್ಲಿಯವರೆಗೆ ನಿಂತಿತ್ತೆಂಬುದು ಆ ಹಳ್ಳಿಗಳವರಿಗೆಲ್ಲ ಗೊತ್ತಿದೆ. ಅದನ್ನು ನಕ್ಷೆಯ ಮೇಲೆ ಸರ್ವೆ ನಂಬರಿನೊಂದಿಗೆ ಗುರುತಿಸುವುದು ಕಷ್ಟದ ಕೆಲಸವಲ್ಲ. ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂದು ಕಾಯ್ದೆಯೇ ಹೇಳುತ್ತದೆ, ಕರಡಿಗೆ ಆಕ್ಷೇಪಣೆ ಸಲ್ಲಿಸಲು ಜನರಿಗೆ ಅವಕಾಶವನ್ನೂ ಕೊಡುತ್ತದೆ. ಆ ಕರಡು ಕನ್ನಡದಲ್ಲಿ, ಸರ್ವೆ ನಂಬರುಗಳ ಸಮೇತ, ಪುರಸಭೆಯ ಗೋಡೆಯ ಮೇಲೆ ವಾರ್ಡುವಾರು ಅಂಟಿಕೊಂಡರೆ, ಪ್ಲಾಟು ಕೊಳ್ಳುವವನು ಮುಂಗಡ ಕೊಡುವ ಮುನ್ನವೇ ದಲ್ಲಾಳಿಯನ್ನು ಅಲ್ಲಿಗೆ ಕರೆದೊಯ್ದು ಗಟಾರ ಯಾವ ಗೆರೆಯಲ್ಲಿ ಹೋಗುತ್ತದೆಂದು ಕೈತೋರಿಸಿ ಕೇಳಬಹುದು.